ಶೆಟ್ಟರ ಸೀಲಿಂಗಿಗೆ ಬಂದ ಗಾಳಿ

ಗಾಳಿಯ ಲೆಕ್ಕ ಹಾಕಿ ಹೊಟ್ಟೆ ಹೊರೆಯುವವನು ತನ್ನ ಉದ್ಯೋಗದ ಬಗ್ಗೆ ಹೆಚ್ಚು ಮಾತಾಡಬಾರದು. ಧಾರವಾಡದಿಂದ ಪುಣೆಗೆ ಬಂದ ಹೊಸದರಲ್ಲಿ ಬೀಗರೊಬ್ಬರು ಏನು ಕೆಲಸವೆಂದು ಕೇಳಿದಾಗ, ಕಟ್ಟಡಗಳನ್ನು ಗಾಳಿ ಎಷ್ಟು ಒತ್ತುತ್ತದೆ ಎಂದು ಲೆಕ್ಕ ಹಾಕುತ್ತೇನೆ ಎಂದಿದ್ದೆ. ಅವರು ಮರುಕದಿಂದ, "ಅದಕ್ಕೂ ಪಗಾರ ಕೊಡ್ತಾರೇನ್ರಿ?" ಎಂದರು. ಅಂದಿನಿಂದ ಇಂಜಿನಿಯರ್ ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ.

ಆದರೆ ಶೆಟ್ಟರ ಹತ್ತಿರ ಸುಮ್ಮನಿರಲಾಗಲಿಲ್ಲ. ಕುಂದಾಪುರದ ಕಡೆಯವರಾದ ಅವರು ಪುಣೆಯ ಅಂಚಿನ ಕಾತ್ರಜದ ಹೆದ್ದಾರಿ ಪಕ್ಕದಲ್ಲಿ ಹೋಟೆಲು ಕಟ್ಟಿಸುತ್ತಿದ್ದರು, ನಕ್ಷೆ ನೋಡಲು ನನ್ನನ್ನು ಕರೆದಿದ್ದರು. ತೊಂಬತ್ತರ ದಶಕ, ಆ ಬದಿಯಲ್ಲಿ ಗಾಳಿಗೆ ಅಡ್ಡ ನಿಲ್ಲಲು ಒಂದು ಕಟ್ಟಡವೂ ಇರಲಿಲ್ಲ. ಬಾಗಿಲ ಮುಂದೆ ಮೂರು ಕಡೆ ಗೋಡೆಯಿದ್ದು ಎದುರು ಪೂರ್ತಿ ತೆರೆದ ಪೋರ್ಚು. ಅದರ ಚಾವಣಿಯಡಿ ಚಂದದ ಸೀಲಿಂಗನ್ನು ತೆಳು ತಂತಿಗಳಿಂದ ತೂಗುಹಾಕಿಸುವವರಿದ್ದರು.

"ತಂತಿ ಬ್ಯಾಡ್ರಿ ಶೆಟ್ರ," ಎಂದೆ. "ಒಳಗ ಹೊಕ್ಕ ಗಾಳಿಗೆ ಹೋಗಾಕ ದಾರಿ ಇಲ್ಲ. ಸೀಲಿಂಗ್ ಮ್ಯಾಲಕ್ಕ ಒತ್ತತದ."

"ಮೇಲೆ ಒತ್ತಿದ್ರೆ ಒಳ್ಳೇದಲ್ವಾ ಮಾರ್ರೆ? ಬೀಳುದಿಲ್ಲಲ್ಲ."

ನನ್ನ ವಿದ್ಯೆಗೆ ಇಷ್ಟು ಚೊಕ್ಕ ಉತ್ತರವನ್ನು ಯಾರೂ ಕೊಟ್ಟಿರಲಿಲ್ಲ. ತಂತಿ ಎಳೆದರೆ ಗಟ್ಟಿ, ಒತ್ತಿದರೆ ಮಡಚಿಕೊಳ್ಳುತ್ತದೆ. ಮೇಲೆದ್ದ ಸೀಲಿಂಗ್ ಹಲಗೆ ಗಾಳಿ ಇಳಿದಾಗ ದೊಪ್ಪನೆ ಬಂದು ತಂತಿ ಕಿತ್ತು ಗಿರಾಕಿಯ ತಲೆಯ ಮೇಲೆ ಕೂರುತ್ತದೆ ಎಂದು ವಿವರಿಸಿದೆ. ಗಿರಾಕಿ ಎಂಬ ಮಾತಿಗೆ ಶೆಟ್ಟರು ನೆಟ್ಟಗೆ ಕುಳಿತರು.

"ಹಾಗಾದ್ರೆ ಎಷ್ಟು ಒತ್ತುತ್ತೆ, ಹೇಳಿ."

ನನ್ನ ಸಂಕಟ ಶುರುವಾದದ್ದು ಇಲ್ಲಿ. ನಿಯಮದ ಪುಸ್ತಕದಲ್ಲಿ ಗೋಡೆಗೆ ಲೆಕ್ಕವಿತ್ತು, ಚಾವಣಿಗಿತ್ತು. ಪೋರ್ಚಿನ ಸೀಲಿಂಗು ಹೊರಗಿನದೋ ಒಳಗಿನದೋ ಎಂಬುದನ್ನು ಮಾತ್ರ ಅದು ನನ್ನ ವಿವೇಕಕ್ಕೆ ಬಿಟ್ಟಿತ್ತು. ಊಟಕ್ಕೆ ಕೂತರೂ ಕಣ್ಣು ಮೇಲೆಯೇ. ಹೆಂಡತಿ ಸುಮಿತ್ರಾ, "ಮ್ಯಾಲೆ ಏನ್ ನೋಡ್ತೀರಿ? ಸಾರು ಕೆಳಗ ಅದ," ಎಂದಳು.

ಕೊನೆಗೆ ಅಳೆದೇ ನೋಡೋಣವೆಂದು ಪೋರ್ಚಿನಲ್ಲಿ ಒಂದು ಹಲಗೆಯನ್ನು ಕೈಗೆಟುಕುವ ಎತ್ತರದಲ್ಲಿ ಸ್ಪ್ರಿಂಗ್ ತಕ್ಕಡಿಗೆ ನೇತುಹಾಕಿ ಗಾಳಿಗಾಗಿ ಕಾದೆ. ಗಾಳಿ ಬರಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಮುದುಕಿಯೊಬ್ಬಳು ಬಂದು ಹಲಗೆಯ ಮೇಲೆ ಈರುಳ್ಳಿ ಚೀಲವಿಟ್ಟು, "ಕಿತಿ ಝಾಲಂ, ಭಾವು?" ಎಂದಳು. ತೂಕ ಎಷ್ಟಾಯಿತೆಂದು ಹೇಳಿದೆ. ಆ ಇಡೀ ಕೆಲಸದಲ್ಲಿ ನಾನು ಧೈರ್ಯವಾಗಿ ಹೇಳಿದ ಅಂಕಿ ಅದೊಂದೇ.

ಆಮೇಲೆ, ಹೊರಗೋಡೆಗೆ ಬರುವ ಒತ್ತಡವನ್ನೇ ಹಿಡಿದು, ಮೇಲೊಂದಿಷ್ಟು ಹೆದರಿಕೆಯನ್ನೂ ಕೂಡಿಸಿ, ತಂತಿಯ ಬದಲು ಕಬ್ಬಿಣದ ಸರಳು ಬರೆದುಕೊಟ್ಟೆ. "ಇದು ಸೀಲಿಂಗಾ, ರೈಲ್ವೆ ಸೇತುವೆಯಾ?" ಎಂದು ಗೊಣಗಿದರೂ ಶೆಟ್ಟರು ಹಾಗೆಯೇ ಹಾಕಿಸಿದರು.

ಹೋಟೆಲು ಶುರುವಾದ ದಿನ ಸಂಜೆಯೇ ಘಾಟಿನ ಕಡೆಯಿಂದ ಬಿರುಗಾಳಿ ಮಳೆ ಬಂತು. ಅಂಗಳದಲ್ಲಿದ್ದವರೆಲ್ಲ ಪೋರ್ಚಿಗೆ ಓಡಿದರು. ಸುಮಿತ್ರಾ ಕೈಯಲ್ಲಿ ಕಾಫಿ ಲೋಟ ಹಿಡಿದು ಸೀಲಿಂಗಿನ ಕೆಳಗೆ ನಟ್ಟನಡುವೆ ನಿಂತಳು. ಶೆಟ್ಟರು ಸುತ್ತ ನೋಡಿ ನನ್ನನ್ನು ಕರೆದರು.

"ಒಳಗೆ ಬನ್ನಿ ಸಾರ್, ಪೂರ್ತಿ ಚಂಡಿಯಾಗ್ತಿದ್ದೀರಿ."

ಆಗಲೇ ನನಗೂ ಗೊತ್ತಾದದ್ದು, ನಾನು ನೆನೆಯುತ್ತ ಹೊರಗಿದ್ದೇನೆ ಎಂದು.

"ಏನಾಗುದಿಲ್ಲ, ಬನ್ನಿ. ನೀವೇ ಅಲ್ವಾ ಲೆಕ್ಕ ಹಾಕಿದ್ದು?"

"ಅದಕ್ಕರೀ," ಎಂದೆ.

ಸೀಲಿಂಗು ಕದಲಲಿಲ್ಲ. ಮಳೆ ನಿಲ್ಲುವವರೆಗೆ ನಾನೂ ಕದಲಲಿಲ್ಲ.