ಬನಿಯಾಸಿನ ಗ್ಯಾಂಗ್ ರಾಣಿ

ಯಾರನ್ನಾದರೂ ನಗಿಸಬೇಕೆಂದು ನಾನು ಯಾವತ್ತೂ ಹೊರಟವನಲ್ಲ. ಬೆಳಿಗ್ಗೆ ಸ್ನಾನ, ಜಪ, ದೇವರ ಮುಂದೊಂದು ದೀಪ, ಆಮೇಲೆ ಕಂಪನಿಯ ಬಸ್ಸು, ಸ್ಟೋರಿನ ಕೆಲಸ, ಸಂಜೆ ಮನೆ. ಇಷ್ಟು ನೆಟ್ಟಗೆ ಬದುಕುವವನ ಬಾಗಿಲಿಗೆ ನಗೆಪಾಟಲಿನ ಸಂಗತಿಗಳು ಯಾಕೆ ಬರುತ್ತವೋ ನನಗಿನ್ನೂ ತಿಳಿದಿಲ್ಲ. ಅಬುಧಾಬಿಗೆ ಬಂದ ಮೇಲಂತೂ ಅವು ವೀಸಾ ಇಲ್ಲದೆಯೇ ಬರುತ್ತಿವೆ. ಈಚೆಗೆ ನನ್ನ ಹೆಂಡತಿ ಗ್ಯಾಂಗಿನ ರಾಣಿಯಾದ ಕಥೆಯನ್ನೇ ತೆಗೆದುಕೊಳ್ಳಿ.

೧. ಟೊಪ್ಪಿ ತೆಗೆಯದ ಗಂಡಸರು

ನಾವಿರುವುದು ಅಬುಧಾಬಿಯ ಹೊರವಲಯದ ಬನಿಯಾಸಿನ ಒಂದು ವಿಲ್ಲಾದಲ್ಲಿ. ವಿಲ್ಲಾ ಎಂದೊಡನೆ ಊರಿನವರು ಬಂಗಲೆ ಎಂದುಕೊಳ್ಳುತ್ತಾರೆ. ಹಾಗೇನಿಲ್ಲ. ಒಂದು ಮನೆಗೆ ನಡುವೆ ಗೋಡೆಗಳನ್ನು ಹಾಕಿ ನಾಲ್ಕು ಮನೆ ಮಾಡಿದ್ದಾರೆ. ಅದರಲ್ಲಿ ಒಂದು ತುಂಡು ನಮ್ಮದು. ಪಕ್ಕದ ತುಂಡಿನಲ್ಲಿ ಭಟ್ಕಳದ ಸಾಹೇಬರ ಸಂಸಾರ. ಅವರಿಗೆ ಅಲ್ ಮೀನಾ ಬಂದರಿನ ಬಳಿ ಕಾರ್ಪೆಟ್ ಅಂಗಡಿ. ಶನಿವಾರ ಸಂಜೆ ನಾನು, ಹೆಂಡತಿ, ಹೈಸ್ಕೂಲಿಗೆ ಹೋಗುವ ಮಗಳು ಮೂವರೂ ಅವರ ಮನೆಗೆ ಸಿನಿಮಾ ನೋಡಲು ಹೋಗುವುದು ವಾಡಿಕೆ.

ಸಾಹೇಬರಿಗೆ ಕಪ್ಪು ಬಿಳುಪಿನ ಹಳೇ ಇಂಗ್ಲಿಷ್ ಸಿನಿಮಾಗಳ ಹುಚ್ಚು. ನನಗೆ ಕಂಡಂತೆ ಎಲ್ಲದರಲ್ಲೂ ಒಂದೇ ಕಥೆ. ಊರು ಯಾವುದೇ ಇರಲಿ, ಮಳೆ ನಿಲ್ಲುವುದಿಲ್ಲ. ಗಂಡಸರು ಮನೆಯೊಳಗೂ ಟೊಪ್ಪಿ ತೆಗೆಯುವುದಿಲ್ಲ. ಸೇದುತ್ತಾರೆ, ಕುಡಿಯುತ್ತಾರೆ, ಒಬ್ಬರನ್ನೊಬ್ಬರು ಕೊಲ್ಲುತ್ತಾರೆ. ಒಂದು ದಿನವಾದರೂ ನೆಮ್ಮದಿಯಾಗಿ ಊಟಕ್ಕೆ ಕೂತದ್ದನ್ನು ನಾನು ಕಂಡಿಲ್ಲ. ನಡುವೆ ಒಬ್ಬಳು ಹೆಂಗಸು. ಹೋಟೆಲಿಗೆ ಬಂದವರ ಕೋಟು ತೆಗೆದಿಡುವ ಕೆಲಸದಿಂದ ಶುರುಮಾಡಿ, ಮೊದಲು ಗ್ಯಾಂಗಿನ ಡ್ರೈವರನ್ನು, ಆಮೇಲೆ ಅವನ ಮೇಲಿನವನನ್ನು, ಕೊನೆಗೆ ಬಾಸನ್ನೇ ಹಿಡಿದು ಮೇಲೇರುತ್ತಾಳೆ. ಒಂದೂವರೆ ಗಂಟೆಯಲ್ಲಿ ಅವಳಿಗೆ ಸಿಗುವಷ್ಟು ಬಡ್ತಿ ನಮ್ಮ ಕಂಪನಿಯಲ್ಲಿ ಇಡೀ ಸರ್ವಿಸಿಗೂ ಯಾರಿಗೂ ಸಿಕ್ಕಿಲ್ಲ. ಆದರೆ ಬಾಸಿನ ಕುರ್ಚಿಗೆ ಕೈಯಿಟ್ಟಳೋ, ಮುಗಿಯಿತು. ಗುಂಡು, ಇಲ್ಲವೇ ಜೈಲು.

ಒಂದು ಶನಿವಾರ ಗ್ಯಾಂಗಿನವರು ಹೆಣವೊಂದನ್ನು ಕಾರ್ಪೆಟ್ಟಿನಲ್ಲಿ ಸುತ್ತಿ ಕಾರಿಗೆ ಹಾಕುತ್ತಿದ್ದರು. ನಾವೆಲ್ಲ ಉಸಿರು ಬಿಗಿಹಿಡಿದು ಕೂತಿದ್ದೆವು. ಸಾಹೇಬರು ಸೋಫಾದಿಂದ ಎದ್ದೇ ನಿಂತರು.

"ಅಯ್ಯಯ್ಯೋ! ಅಸಲಿ ಇರಾನಿ ಅದು ಭಟ್ರೆ, ಕೈಯಲ್ಲಿ ನೇಯ್ದದ್ದು! ರಕ್ತದ ಕಲೆ ಹೋಗ್ತದಾ ಇನ್ನು? ಹೆಣಕ್ಕೆ ಸುತ್ತಲಿಕ್ಕೆ ಒಂದು ಚಾಪೆ ಸಾಕಿತ್ತಲ್ಲ!"

ಸತ್ತವನಿಗಾಗಿ ಆ ಹಾಲಿನಲ್ಲಿ ಯಾರೂ ಅಷ್ಟು ಮರುಗಿರಲಿಲ್ಲ.

ನನ್ನ ಹೆಂಡತಿಯ ಸಂಕಟ ಬೇರೆ. ಸಿನಿಮಾ ಮುಗಿದ ಮೇಲೂ ಅವಳು ಏಳುತ್ತಿರಲಿಲ್ಲ. "ಅಲ್ಲ, ಆ ಬಾಸು ಊರೆಲ್ಲ ಕೊಂದು ಹಾಕಿದ. ಅವನಿಗೆ ದೊಡ್ಡ ಮನೆ, ಕಾರು, ಮರ್ಯಾದೆ. ಇವಳು ಒಂದು ಕುರ್ಚಿ ಕೇಳಿದ್ದಕ್ಕೆ ಗುಂಡಾ?"

"ಕುರ್ಚಿ ಯಾಕೆ ಬೇಕಿತ್ತಂತೆ ಅವಳಿಗೆ?" ಎಂದು ನಾನು ಮಗಳನ್ನು ಕೇಳಿದೆ. ನನ್ನ ಇಂಗ್ಲಿಷು ಊರಿನ ಕನ್ನಡ ಶಾಲೆಯದು. ಸ್ಟೋರಿನ ಸಾಮಾನುಗಳ ಹೆಸರಿಗೆ ಸಾಕು, ಸಿನಿಮಾಕ್ಕೆ ಸಾಲದು.

"ಅಪ್ಪಾ, ಶೀ ಈಸ್ ಆಂಬಿಷಿಯಸ್," ಎಂದಳು ಮಗಳು.

"ಹಾಗೆಂದರೆ?"

ಮಗಳು ಸ್ವಲ್ಪ ಯೋಚಿಸಿ ಹೇಳಿದಳು: "ಅಮ್ಮನ ಹಾಗೆ."

೨. ಪರದೆಯ ಹಿಂದಿನ ಸಭೆ

ಆ ಮಾತು ಎಷ್ಟು ನಿಜವೆಂದು ಸಂಘದ ವಾರ್ಷಿಕೋತ್ಸವ ಹತ್ತಿರ ಬಂದಾಗ ಗೊತ್ತಾಯಿತು.

ನಮ್ಮ ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಊಟಕ್ಕೆ ಮೊದಲಿನ ಒಂದು ಗಂಟೆ ಬಹಳ ಬೆಲೆಯುಳ್ಳದ್ದು. ಹಾಲ್ ಭರ್ತಿಯಾಗುವುದು ಆಗ ಮಾತ್ರ. ಊಟ ಬಿಟ್ಟು ಯಾರೂ ಹೋಗುವಂತಿಲ್ಲವಲ್ಲ. ಆ ಗಂಟೆಯಲ್ಲಿ ಲಾಗಾಯ್ತಿನಿಂದಲೂ ಅಧ್ಯಕ್ಷರ ಪೌರಾಣಿಕ ನಾಟಕ. ಅಧ್ಯಕ್ಷರೇ ಮಹಾರಾಜರು. ಹೆಂಗಸರಿಗೆ ರಂಗೋಲಿ, ಆರತಿ ತಟ್ಟೆ, ಮತ್ತು ಮಹಾರಾಜರ ಕಿರೀಟಕ್ಕೆ ಅಂಟು ಹಚ್ಚುವ ಕೆಲಸ.

ಆ ಗಂಟೆ ಈ ಸಲ ಹೆಂಗಸರಿಗೆ ಬೇಕು ಎಂದಳು ನನ್ನ ಹೆಂಡತಿ. ನಾಟಕವನ್ನು ತಾನೇ ಬರೆದಿದ್ದಳು: 'ಗ್ಯಾಂಗ್ ರಾಣಿ'.

ಕಮಿಟಿಯ ಸಭೆ ಸೇರುವುದು ಒಂದು ಉಡುಪಿ ಹೋಟೆಲಿನ ಫ್ಯಾಮಿಲಿ ರೂಮಿನಲ್ಲಿ, ಪರದೆ ಎಳೆದುಕೊಂಡು. ಅವಳ ಜೊತೆಗೆ ನಾನೂ ಹೋದೆ. ಒಳಗೆ ಕಾಲಿಟ್ಟಾಗ ಈ ಜಾಗವನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಮಂದ ಬೆಳಕು. ಮೇಜಿನ ಸುತ್ತ ಮುಖ ಗಂಟು ಹಾಕಿದ ಗಂಡಸರು. ತಲೆಯ ಜಾಗದಲ್ಲಿ ಅಧ್ಯಕ್ಷರು, ಕರಿ ಚಹಾ ಕದಡುತ್ತ. ಅವರು ಮಾತಾಡುವುದಿಲ್ಲ, ಹುಬ್ಬು ಎತ್ತುತ್ತಾರೆ, ಪಕ್ಕದವರು ಮಾತಾಡುತ್ತಾರೆ. ಟೊಪ್ಪಿಯೊಂದಿದ್ದರೆ ಸಾಹೇಬರ ಟೀವಿಯೇ ಸರಿ.

ಅಧ್ಯಕ್ಷರ ಹುಬ್ಬು ಎದ್ದಿತು. ಪಕ್ಕದವರು, "ಹೆಂಗಸು ಗ್ಯಾಂಗಿನ ರಾಣಿಯಾಗುವುದು ನಮ್ಮ ಸಂಸ್ಕೃತಿಯಾ ಅಕ್ಕ?" ಎಂದರು.

"ಹೋದ ವರ್ಷ ನಿಮ್ಮ ನಾಟಕದಲ್ಲಿ ನಾಲ್ಕು ತಲೆ ಕಡಿದರಲ್ಲ, ಅದು ಸಂಸ್ಕೃತಿಯಾ?"

"ಅವರು ರಾಕ್ಷಸರು."

"ನಮ್ಮ ನಾಟಕದಲ್ಲೂ ಗಂಡಸರೇ ಸಾಯುವುದು."

ಹೀಗೆ ದೋಸೆ ಆರುವವರೆಗೂ ಮಾತಾಯಿತು. ಕೊನೆಗೆ ಅಧ್ಯಕ್ಷರೇ ಬಾಯಿಬಿಟ್ಟರು. ಎರಡು ಕರಾರು. ಒಂದು, ಕುರ್ಚಿಗೆ ಆಸೆಪಟ್ಟ ಆ ಹೆಂಗಸಿಗೆ ಕೊನೆಯಲ್ಲಿ ಶಿಕ್ಷೆ ಆಗಲೇಬೇಕು, ಕುರ್ಚಿಯಲ್ಲಿ ಕೂರಬಾರದು. ಎರಡು, ನಾಟಕ ಕೆಟ್ಟು ಜನ ನಕ್ಕರೆ, ಮುಂದಿನ ವರ್ಷದಿಂದ ಆ ಗಂಟೆ ಮತ್ತೆ ಮಹಾರಾಜರದು. ಹೆಂಗಸರು ಇನ್ನು ಕೇಳುವ ಹಾಗಿಲ್ಲ. ಹೆಂಡತಿ ಹಲ್ಲು ಕಚ್ಚಿ ಒಪ್ಪಿದಳು. ಕೊನೆಯ ದೃಶ್ಯದಲ್ಲಿ ಇನ್ಸ್‌ಪೆಕ್ಟರ್ ಬಂದು ಅವಳನ್ನು ಹಿಡಿದುಕೊಂಡು ಹೋಗುವುದು ಎಂದಾಯಿತು. ಇನ್ಸ್‌ಪೆಕ್ಟರ್ ಆಗಲು ಕಾರ್ಪೆಟ್ ಸಾಹೇಬರು ಕುಣಿದುಕೊಂಡು ಒಪ್ಪಿದರು.

ಉಳಿದದ್ದು ಬಾಸಿನ ಪಾತ್ರ. ರಾಣಿಯ ಗಂಡ, ಅವಳ ಗುಂಡಿಗೆ ಸಾಯುವವನು. ಒಬ್ಬ ಗಂಡಸೂ ಮುಂದೆ ಬರಲಿಲ್ಲ. ಹೆಂಗಸಿನ ಕೈಯಲ್ಲಿ ಸಾಯುವುದನ್ನು ತಮ್ಮ ಮನೆಯವರು ಮುಂದಿನ ಸಾಲಿನಲ್ಲಿ ಕೂತು ನೋಡುವುದು ಅವರಿಗೆ ಬೇಡವಾಗಿತ್ತು.

ನನ್ನ ಹೆಂಡತಿ ನಿಧಾನವಾಗಿ ನನ್ನ ಕಡೆ ತಿರುಗಿದಳು. "ಮನೆಯವರೇ ಇರುವಾಗ ಹೊರಗಿನವರನ್ನು ಯಾಕೆ ಕೊಲ್ಲಬೇಕು?"

೩. ಅಗರಬತ್ತಿಯ ಬಾಸು

ಬಾಸು ಸಿಗಾರ್ ಸೇದಬೇಕು. ನಾನು ಬೀಡಿಯನ್ನೂ ಮುಟ್ಟಿದವನಲ್ಲ. ಕೊನೆಗೆ ದಪ್ಪನೆಯ ದಾಲ್ಚಿನ್ನಿ ಚಕ್ಕೆಯೊಂದನ್ನು ಬಾಯಲ್ಲಿಟ್ಟುಕೊಂಡೆ. ಹೊಗೆಗೆಂದು ಮೇಜಿನ ಕೆಳಗೆ ಅಗರಬತ್ತಿ ಹಚ್ಚಿಟ್ಟರು. ಕುಡಿಯುವುದಕ್ಕೆ ತೀರ್ಥದ ಹಾಗೆ ಒಂದೊಂದೇ ಗುಟುಕು ಕರಿ ಚಹಾ. ದುಬೈಯಿಂದ ಕೋಟು ಬಾಡಿಗೆಗೆ ಬಂತು. ಆಟಿಕೆಯ ಪಿಸ್ತೂಲು ಕೂಡ ಒಳಗೆ ತರುವಂತಿಲ್ಲ ಎಂದು ಹಾಲಿನವರು ಹೇಳಿದ್ದರಿಂದ, ರಾಣಿ ತನ್ನ ಕೈಚೀಲದೊಳಗಿಂದಲೇ ಗುಂಡು ಹೊಡೆಯುವುದು, ಅದೇ ಹೊತ್ತಿಗೆ ಮಗಳು ಪರದೆಯ ಹಿಂದೆ ಬಲೂನು ಒಡೆಯುವುದು ಎಂದು ತೀರ್ಮಾನವಾಯಿತು.

ಕಷ್ಟ ಬಂದದ್ದು ಮಾತಿನಲ್ಲಿ. ಬಾಸಿನ ಹೆಸರು ಪೀಟರ್. "ಏ ಪೀಟರ್! ನಿನ್ನ ಕಾಲ ಮುಗಿಯಿತು!" ಎಂದು ರಾಣಿ ಗುಡುಗಬೇಕು. ನನ್ನ ಹೆಂಡತಿ ಮದುವೆಯಾದಂದಿನಿಂದ ನನ್ನನ್ನು ಕರೆಯುವುದು ನಮ್ಮೂರ ಕಡೆಯ ಮರ್ಯಾದೆಯಂತೆ 'ಹ್ವಾಯ್' ಎಂದು. ಏಕವಚನ ಅವಳ ಬಾಯಿಗೆ ಬಂದದ್ದಿಲ್ಲ. ಎಷ್ಟು ಸಲ ಅಭ್ಯಾಸ ಮಾಡಿದರೂ ಬರುತ್ತಿದ್ದದ್ದು ಇಷ್ಟೇ:

"ಹ್ವಾಯ್ ಪೀಟರ್, ನಿಮ್ಮ ಕಾಲ ಮುಗಿಯಿತು."

"ಅಕ್ಕ, ನೀವು ಕೊಲ್ಲುವುದಾ, ಕಾಫಿಗೆ ಕರೆಯುವುದಾ?" ಎಂದು ಕೇಳಿದರು ಸಾಹೇಬರು.

ಅದಕ್ಕಿಂತ ದೊಡ್ಡ ಕಷ್ಟ ಇನ್ನೊಂದು. ಆ ಸಿನಿಮಾಗಳಲ್ಲಿ ಗುಂಡು ಹೊಡೆದ ಮೇಲೆ ರಾಣಿ ಹೆಣದ ಹತ್ತಿರ ಬಂದು, ಸತ್ತಿದ್ದಾನೋ ಇಲ್ಲವೋ ಎಂದು ಶೂ ತುದಿಯಿಂದ ಒಮ್ಮೆ ತಳ್ಳಿ ನೋಡುತ್ತಾಳೆ. ಇದನ್ನು ಇಷ್ಟಪಟ್ಟು ಬರೆದವಳು ನನ್ನ ಹೆಂಡತಿಯೇ. ಮಾಡುವ ಹೊತ್ತು ಬಂದಾಗ ಕಾಲು ಎತ್ತಿದವಳು ಹಾಗೇ ನಿಂತುಬಿಟ್ಟಳು.

"ಆಗುವುದಿಲ್ಲ. ಇವರನ್ನು ಕಾಲಲ್ಲಿ ಹೇಗೆ ಮುಟ್ಟುವುದು?"

"ಈಗ ತಾನೇ ಗುಂಡು ಹೊಡೆದೆಯಲ್ಲೇ!" ಎಂದೆ, ಬಿದ್ದಲ್ಲಿಂದಲೇ.

"ಕೊಲ್ಲುವುದು ಬೇರೆ, ಕಾಲು ತಾಗಿಸುವುದು ಬೇರೆ."

ನನ್ನ ಬದಲಿಗೆ ಅಕ್ಕಿಚೀಲ ಇಟ್ಟು ಅಭ್ಯಾಸ ಮಾಡಿಸಿದೆವು. ಕಾಲು ತಾಗಿದೊಡನೆ ಅಕ್ಕಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಸಾಹೇಬರು ಅಂಗಡಿಯಿಂದ ಸುತ್ತಿದ ಕಾರ್ಪೆಟ್ಟೊಂದನ್ನು ತಂದರು. ಅದನ್ನು ಮಾತ್ರ ಚೆನ್ನಾಗಿಯೇ ತಳ್ಳಿದಳು. ತಳ್ಳಿ ತಳ್ಳಿ ಕಾಲು ಪಳಗಿತು. ಕೊನೆಯ ದಿನ ಸಾಹೇಬರು ಕಾರ್ಪೆಟ್ ಬಿಡಿಸಿ ನೋಡಿ, ಮೆತ್ತಗೆ ಹೇಳಿದರು:

"ಭಟ್ರೆ, ಸ್ಟೇಜಿನ ಮೇಲೆ ಸ್ವಲ್ಪ ದಪ್ಪ ಬನಿಯನ್ ಹಾಕ್ಕೊಳ್ಳಿ."

೪. ಕೊನೆಯ ದೃಶ್ಯ

ಆ ದಿನ ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲಿ ಅಧ್ಯಕ್ಷರು ಕೈಕಟ್ಟಿ, ಜನ ಯಾವಾಗ ನಗುತ್ತಾರೆಂದು ಕಾಯುತ್ತ ಕೂತಿದ್ದರು. ಪಕ್ಕದಲ್ಲಿ ಅವರ ಹೆಂಡತಿ. ಪರದೆ ಎದ್ದಾಗ ಅಗರಬತ್ತಿಯ ಘಮ ಹಾಲಿಗೆಲ್ಲ ಹರಡಿ, ವಿಸಿಟ್ ವೀಸಾದಲ್ಲಿ ಬಂದಿದ್ದ ಅಜ್ಜಿಯೊಬ್ಬರು ಗ್ಯಾಂಗಿನ ಬಾಸಿಗೆ ಕೈಮುಗಿದರು. ಅಷ್ಟೇ. ಮತ್ತೆ ಯಾರೂ ಕಮಕ್ ಕಿಮಕ್ ಅನ್ನಲಿಲ್ಲ.

ಸತ್ಯ ಹೇಳುತ್ತೇನೆ, ನನ್ನ ಹೆಂಡತಿಯನ್ನು ನಾನೇ ಗುರುತಿಸಲಾರದೆ ಹೋದೆ. ಕಪ್ಪು ಸೀರೆ, ಓರೆ ನೋಟ, ತಣ್ಣಗಿನ ಮಾತು. 'ಏ ಪೀಟರ್' ಎಂದು ನೆಟ್ಟಗೆ ಗುಡುಗಿದಳು. ಬಲೂನು ಸರಿಯಾದ ಹೊತ್ತಿಗೆ ಒಡೆಯಿತು. ನಾನು ದೇವರ ಹೆಸರು ಹೇಳಿಕೊಂಡು ಬಿದ್ದೆ. ಅಧ್ಯಕ್ಷರ ಕಟ್ಟಿದ ಕೈ ಸಡಿಲವಾದದ್ದನ್ನು ಅರೆಗಣ್ಣಿನಲ್ಲಿ ಕಂಡೆ. ಗೆದ್ದಳು ಎಂದುಕೊಂಡೆ.

ರಾಣಿ ಹತ್ತಿರ ಬಂದಳು. ಶೂ ತುದಿಯಿಂದ ತಳ್ಳಿದಳು. ಕಾರ್ಪೆಟ್ಟಿಗೆ ಪಳಗಿದ ಕಾಲು. ಸ್ವಲ್ಪ ಜೋರಾಗಿಯೇ ತಾಗಿತು. ನನಗೆ "ಹಾ" ಎಂದು ಉಸಿರು ಬಂತು.

ಆ ಉಸಿರು ಕೇಳಿದ್ದೇ, ಗ್ಯಾಂಗಿನ ರಾಣಿ ಎಲ್ಲಿ ಹೋದಳೋ! ನನ್ನ ಹೆಂಡತಿ ಗಾಬರಿಯಾಗಿ ಬಗ್ಗಿ, ನನ್ನ ಎರಡೂ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಹಬ್ಬ ಹರಿದಿನ ಎಂದು ಪ್ರತಿ ಸಲ ಅವಳು ಹೀಗೆ ಕಾಲು ಮುಟ್ಟುವುದು, ನಾನು ಕೈ ಎತ್ತುವುದು ನಡೆದು ಬಂದದ್ದೇ. ಕೈ ತಾನಾಗಿ ಎದ್ದಿತು. ಬಾಯಿ ತಾನಾಗಿ ತೆರೆಯಿತು. ಮಂತ್ರ ಹೇಳಿ ಪಳಗಿದ ಗಂಟಲು, ಮೈಕಿಲ್ಲದೆಯೇ ಕೊನೆಯ ಸಾಲಿಗೂ ಕೇಳಿಸಿತು.

"ದೀರ್ಘಸುಮಂಗಲೀ ಭವ!"

ಹಿಂದಿನಿಂದ ಯಾರದೋ ದನಿ: "ಅಲ್ಲ ಮಾರಾಯ್ರೆ, ಅವಳು ಗುಂಡು ಹೊಡೆದದ್ದು ಇವರಿಗೇ ಅಲ್ವಾ?"

ಹಾಲ್ ಒಡೆದುಹೋಗುವ ಹಾಗೆ ನಗು. ಹೆಂಡತಿಯ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡೆ. ಹೋಯಿತು. ಹಲ್ಲು ಕಚ್ಚಿ ಗಳಿಸಿದ ಆ ಒಂದು ಗಂಟೆಯನ್ನು ಒಂದೇ ಆಶೀರ್ವಾದದಲ್ಲಿ ಮಹಾರಾಜರಿಗೆ ದಾನ ಮಾಡಿಬಿಟ್ಟೆನಲ್ಲ ಅನ್ನಿಸಿತು.

ಅಷ್ಟರಲ್ಲಿ ಹೆಜ್ಜೆ ಸದ್ದು ಕೇಳಿ ಅರೆಗಣ್ಣು ತೆರೆದೆ. ಇನ್ಸ್‌ಪೆಕ್ಟರ್ ಸಾಹೇಬರು ಲಾಠಿ ಹಿಡಿದು ಒಳಗೆ ಬಂದರು. "ಕೊಲೆ ಆರೋಪದ ಮೇಲೆ ನಿನ್ನನ್ನು ಬಂಧಿಸಿದ್ದೇನೆ" ಎನ್ನಬೇಕು. ಅರ್ಧ ಹೇಳಿ ನಿಲ್ಲಿಸಿದರು. ರಾಣಿಯನ್ನು ನೋಡಿದರು, ನನ್ನನ್ನು ನೋಡಿದರು. ಬಂದ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಿ ಗೊತ್ತಿಲ್ಲದ ಮನುಷ್ಯ. ನನ್ನ ಪಕ್ಕ ಕುಕ್ಕುರುಗಾಲಿನಲ್ಲಿ ಕೂತು ಗಂಭೀರವಾಗಿ ಕೇಳಿದರು:

"ಪೀಟರ್ ಭಟ್ರೆ, ಹೆಂಡತಿಯ ಮೇಲೆ ನಿಮ್ಮದೇನಾದರೂ ಕಂಪ್ಲೇಂಟ್ ಉಂಟಾ?"

ಸತ್ತಿದ್ದರೂ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಮಲಗಿದಲ್ಲಿಂದಲೇ, "ಇಲ್ಲ" ಎಂದೆ.

"ಹಾಗಾದರೆ ಕೇಸ್ ಖಲಾಸ್!" ಸಾಹೇಬರು ಎದ್ದು ಲಾಠಿಯನ್ನು ಬಗಲಿಗೆ ಸಿಕ್ಕಿಸಿದರು. "ಹೆಣವೇ ಆಶೀರ್ವಾದ ಮಾಡಿದ ಮೇಲೆ ನಾನು ಯಾರು ಹಿಡಿಯಲಿಕ್ಕೆ? ಯಲ್ಲಾ, ನಡೆಯಿರಿ ಅಕ್ಕ, ಹೋಗಿ ಕುರ್ಚಿಯಲ್ಲಿ ಕೂತ್ಕೊಳ್ಳಿ."

ನನ್ನ ಹೆಂಡತಿ ಸೀರೆಯ ಸೆರಗು ಸರಿಮಾಡಿಕೊಂಡು, ನನ್ನನ್ನು ಈ ಸಲ ಜಾಗ್ರತೆಯಿಂದ ಬಳಸಿಕೊಂಡು ಹೋಗಿ, ಬಾಸಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಳು. ಹೆಂಗಸರ ಕಡೆಯಿಂದ ಎದ್ದ ಚಪ್ಪಾಳೆ ಇಡೀ ಹಾಲಿಗೆ ಹಬ್ಬಿತು.

ಅಧ್ಯಕ್ಷರು ಎದ್ದು ನಿಂತರು. "ಶಿಕ್ಷೆ ಎಲ್ಲಿ? ಕರಾರಿನಲ್ಲಿ ಶಿಕ್ಷೆ ಇತ್ತು! ಜನ ನಗಬಾರದು ಅಂತಲೂ ಇತ್ತು!"

ಅವರ ಹೆಂಡತಿ ಕೋಟಿನ ತುದಿ ಹಿಡಿದು ಎಳೆದು ಕೂರಿಸಿದರು. ಚಪ್ಪಾಳೆಯ ನಡುವೆಯೂ ಅವರ ಮಾತು ಸ್ಟೇಜಿನ ಮೇಲಿದ್ದ ನನಗೆ ಸ್ಪಷ್ಟವಾಗಿ ಕೇಳಿಸಿತು.

"ಕೂತ್ಕೊಳ್ಳಿ. ಸತ್ತವರಿಗೇ ತಕರಾರಿಲ್ಲ, ನಿಮ್ಮದೇನು? ಮುಂದಿನ ವರ್ಷದ ನಾಟಕಕ್ಕೆ ರಾಣಿ ನಾನು. ಹೆಣ ಮಲಗುವುದು ಹೇಗೆಂದು ಭಟ್ರನ್ನು ನೋಡಿ ಈಗಲೇ ಕಲ್ತುಕೊಳ್ಳಿ."