ಗಿರಿಜಾಳ ಬೀಳ್ಕೊಡುಗೆಯಲ್ಲಿ ನನ್ನ ಇಂಗ್ಲಿಷ್

ಇಂಗ್ಲಿಷಿನಲ್ಲಿ ಐದು ನಿಮಿಷ ಮಾತಾಡುವುದು ನನಗೊಂದು ವಿಷಯವೇ ಅಲ್ಲ ಎಂದು ಆ ಶುಕ್ರವಾರದವರೆಗೂ ನಾನು ಪ್ರಾಮಾಣಿಕವಾಗಿ ನಂಬಿದ್ದೆ. ನಂಬದೆ ಏನು ಮಾಡಲಿ? ಜನಕಪುರಿಯ ನಮ್ಮ ಸರ್ಕಾರಿ ಕಚೇರಿಯಿಂದ ಹೊರಬೀಳುವ ಇಂಗ್ಲಿಷ್ ಪತ್ರಗಳಲ್ಲಿ ಅರ್ಧಕ್ಕರ್ಧ ನಾನು ಬರೆದವು. 'ಪ್ಲೀಸ್ ಫೈಂಡ್ ಎನ್‌ಕ್ಲೋಸ್ಡ್ ಹಿಯರ್‌ವಿತ್' ಎಂಬುದನ್ನು ನಾನು ನಿದ್ದೆಯಲ್ಲೂ ತಪ್ಪಿಲ್ಲದೆ ಹೇಳಬಲ್ಲೆ. ಹಾಗಾಗಿ ಗಿರಿಜಾಳ ಬೀಳ್ಕೊಡುಗೆಯಲ್ಲಿ ಯಾರು ಮಾತಾಡುವುದೆಂಬ ಪ್ರಶ್ನೆ ಬಂದಾಗ ಸಾಹೇಬರು ನನ್ನತ್ತ ನೋಡಿದ್ದು ನನಗೆ ಸಹಜವಾಗಿಯೇ ಕಂಡಿತು.

"ಸುಜಾತಾ ಜೀ, ಆಪ್ ಬೋಲಿಯೇ. ಇಂಗ್ಲಿಷ್ ಮೇ. ಸೌತ್‌ವಾಲೋಂ ಕೀ ಇಂಗ್ಲಿಷ್ ತೋ ಬಢಿಯಾ ಹೋತೀ ಹೈ," ಅಂದರು.

ದಕ್ಷಿಣದವರ ಇಂಗ್ಲಿಷ್ ಚೆನ್ನಾಗಿರುತ್ತದೆ ಎಂಬ ದಿಲ್ಲಿಯವರ ನಂಬಿಕೆಯನ್ನು ಒಡೆಯುವ ಕ್ರೂರ ಮನಸ್ಸು ನನ್ನದಲ್ಲ. ಅದೂ ಅಲ್ಲದೆ ಹಿಂದಿಯಲ್ಲಿ ಮಾತಾಡಿದರೆ ನನ್ನ ಬಾಯಲ್ಲಿ ಗಿರಿಜಾ ಪ್ರತಿ ಎರಡನೇ ವಾಕ್ಯಕ್ಕೆ ಗಂಡಸಾಗುತ್ತಾಳೆ. ಒಪ್ಪಿಕೊಂಡೆ.

ಗಿರಿಜಾ ಯಾರೆಂದು ಹೇಳಬೇಕು. ನಮ್ಮ ಕಚೇರಿಯಲ್ಲಿ ನನ್ನನ್ನು ಬಿಟ್ಟರೆ ಕನ್ನಡ ಬಲ್ಲ ಏಕೈಕ ಜೀವಿ. ಊರು ಧಾರವಾಡ. ನನ್ನದು ಕುಂದಾಪುರದ ಕಡೆ. ಮೊದಲ ವರ್ಷ ನಾವಿಬ್ಬರೂ ಆಡುತ್ತಿದ್ದುದು ಕನ್ನಡವೇ ಆಗಿದ್ದರೂ ಒಬ್ಬರದು ಒಬ್ಬರಿಗೆ ಮುಕ್ಕಾಲು ಪಾಲು ಮಾತ್ರ ತಿಳಿಯುತ್ತಿತ್ತು. ಉಳಿದ ಕಾಲು ಭಾಗವನ್ನು ಜೋಳದ ರೊಟ್ಟಿ ಮತ್ತು ಶೇಂಗಾ ಚಟ್ನಿ ತುಂಬಿಕೊಟ್ಟವು. ನನ್ನ ಹಿಂದಿನ ಕುರ್ಚಿ ಅವಳದು. ಒಂದು ಗಂಟೆ ಹೊಡೆದೊಡನೆ ನಾನು ಕುರ್ಚಿ ತಿರುಗಿಸಿದರೆ ನನಗೆ ದಿಲ್ಲಿ ಮುಗಿದು ಕರ್ನಾಟಕ ಶುರುವಾಗುತ್ತಿತ್ತು. ಸಾಹೇಬರು ಎದುರಿಗೇ ನಿಂತಿರುವಾಗ, ಮುಖದಲ್ಲಿ ಫೈಲಿನ ಗಾಂಭೀರ್ಯ ಇಟ್ಟುಕೊಂಡು, ಸಾಹೇಬರ ಹೊಸ ವಿಗ್ಗಿನ ಬಗ್ಗೆ ವಿವರವಾಗಿ ಚರ್ಚಿಸುವ ಸುಖ ಎಲ್ಲರಿಗೂ ಸಿಗುವಂಥದ್ದಲ್ಲ.

ಮನೆಯಲ್ಲಿ ಕನ್ನಡವಿಲ್ಲವೆ ಎಂದರೆ, ಇದೆ. ನಮ್ಮ ಯಜಮಾನರಿಗೆ ಕರೋಲ್ ಬಾಗ್‌ನಲ್ಲಿ ಸಣ್ಣದೊಂದು ಇಡ್ಲಿ-ದೋಸೆ ಹೋಟೆಲು. ದಿನವಿಡೀ ಹಿಂದಿಯಲ್ಲಿ ಸಾಂಬಾರು ಬಡಿಸಿ ಪೀತಮ್‌ಪುರದ ಮನೆಗೆ ಬರುವ ಹೊತ್ತಿಗೆ ಅವರಿಗೆ ಯಾವ ಭಾಷೆಯೂ ಬೇಕಿರುವುದಿಲ್ಲ. ಮಗಳು ಅದಿತಿ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದುತ್ತಾಳೆ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಹಿಂದಿಯಲ್ಲಿ ಉತ್ತರಿಸುತ್ತಾಳೆ, ಜಗಳ ಇಂಗ್ಲಿಷಿನಲ್ಲಿ ನಡೆಯುತ್ತದೆ.

ಈಗ ರೈಲ್ವೆಯಲ್ಲಿದ್ದ ಗಿರಿಜಾಳ ಗಂಡನಿಗೆ ಹುಬ್ಬಳ್ಳಿಗೆ ವರ್ಗವಾಗಿತ್ತು. ಅವಳೂ ಅಲ್ಲಿಗೇ ವರ್ಗ ಕೇಳಿ ಪಡೆದಳು. ಸುದ್ದಿ ತಿಳಿದ ದಿನ ನಾನು "ಒಳ್ಳೇದಾಯ್ತು ಮಾರಾಯ್ತಿ" ಅಂದೆ. ಅಂದವಳು ಶೌಚಾಲಯಕ್ಕೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತಿದ್ದೆ.

ಹೇಳುವುದು ಬಹಳವಿತ್ತು. ಕೂತು ಎರಡು ಪುಟ ಇಂಗ್ಲಿಷ್ ಬರೆದೆ. ಸಾಹಿತ್ಯದ ವಿದ್ಯಾರ್ಥಿನಿಗೆ ತೋರಿಸಿ ಒಂದು ಮೆಚ್ಚುಗೆ ಗಿಟ್ಟಿಸೋಣವೆಂದು ಅದಿತಿಯ ಕೈಗೆ ಕೊಟ್ಟೆ. ಅವಳು ಪೆನ್ಸಿಲ್ ತೆಗೆದುಕೊಂಡಳು. ಆಗಲೇ ನನಗೆ ಎಚ್ಚರವಾಗಬೇಕಿತ್ತು.

"ರಿಟರ್ನಿಂಗ್ ಬ್ಯಾಕ್? ಅಮ್ಮಾ, ರಿಟರ್ನ್ ಅಂದ್ರೇನೇ ಬ್ಯಾಕ್. ಹಟಾವೋ." ಗೀಟು ಬಿತ್ತು.

"ಪಾಸ್ಟ್ ಮೆಮೊರೀಸ್. ಮೆಮೊರೀಸ್ ಪಾಸ್ಟ್ ಕೀ ಹೀ ಹೋತೀ ಹೈ ನಾ. ಫ್ಯೂಚರ್ ಮೆಮೊರೀಸ್ ಯಾರಿಗಿರುತ್ತೆ?" ಇನ್ನೊಂದು ಗೀಟು.

"ಕ್ಲೋಸ್ ಇಂಟಿಮೇಟ್ ಬೆಸ್ಟ್ ಫ್ರೆಂಡ್. ಇದರಲ್ಲಿ ಒಂದು ಸೆಲೆಕ್ಟ್ ಮಾಡು."

"ಮೂರೂ ಹೌದಲ್ಲೇ ಅವಳು," ಅಂದೆ.

"ಒಂದೇ, ಅಮ್ಮಾ. ಔರ್ ಯೇ ದೇಖೋ, ಟಿಯರ್ಸ್ ಫ್ರಮ್ ಮೈ ಟೂ ಐಸ್. ಟಿಯರ್ಸ್ ಮತ್ತೆಲ್ಲಿಂದ ಬರ್ತದೆ? ಮೂಗಿಂದಾ?"

ನನಗೆ ಕೋಪ ಬಂತು. ಕನ್ನಡದಲ್ಲಿ ನಾವು ಕಣ್ಣಲ್ಲಿ ಕಣ್ಣೀರು ಅನ್ನುತ್ತೇವೆ. ಎರಡು ಸಲ ಕಣ್ಣು ಬಂತೆಂದು ಇವತ್ತಿನವರೆಗೆ ಯಾರೂ ತಕರಾರು ತೆಗೆದಿಲ್ಲ. ಅದನ್ನು ಹೇಳಿದೆ. ಅದಿತಿ, "ಅಚ್ಛಾ, ಸ್ವೀಟ್," ಅಂದು ಎರಡೂ ಕಣ್ಣುಗಳನ್ನು ಹೊಡೆದುಹಾಕಿದಳು.

ಕೊನೆಗೆ ಎರಡು ಪುಟದಲ್ಲಿ ಉಳಿದದ್ದು ನಾಲ್ಕು ಸಾಲು. ಊಟಕ್ಕೆ ಕೂತ ಯಜಮಾನರು ಅದನ್ನು ಎತ್ತಿ ನೋಡಿ, "ಇದು ನಮ್ಮ ಹೋಟೆಲಿನ ಬಿಲ್ಲಿಗಿಂತ ಚಿಕ್ಕದಿದೆಯಲ್ಲ," ಅಂದರು. ಅದಿತಿ ಅವರನ್ನೂ ಬಿಡಲಿಲ್ಲ. "ಪಪ್ಪಾ, ನಿಮ್ಮ ಬೋರ್ಡಿನಲ್ಲಿ 'ಫ್ರೆಶ್ ತಾಜಾ ಇಡ್ಲಿ' ಅಂತಿದೆ, ಮೊದಲು ಅದನ್ನ ಸರಿ ಮಾಡಿಸಿ," ಅಂದಳು.

ಶುಕ್ರವಾರ ಮಧ್ಯಾಹ್ನ ಸಮಾರಂಭ. ಸಮೋಸ, ಗುಲಾಬ್ ಜಾಮೂನು, ಒಂದು ಹೂಗುಚ್ಛ, ಒಂದು ಗೋಡೆ ಗಡಿಯಾರ. ಗಿರಿಜಾ ಇಳಕಲ್ ಸೀರೆ ಉಟ್ಟು ಸಾಹೇಬರ ಪಕ್ಕ ಕೂತಿದ್ದಳು. ನಾನು ಎದ್ದು ಹೋಗಿ ನಾಲ್ಕು ಸಾಲು ಓದಿದೆ. ಒಂದು ತಪ್ಪಿಲ್ಲ, ಒಂದು ಹೆಚ್ಚಿನ ಪದವಿಲ್ಲ. ಆ ನಾಲ್ಕು ಸಾಲನ್ನು ಯಾವ ಕಚೇರಿಯ ಯಾವ ಗುಮಾಸ್ತನ ಬಗ್ಗೆ ಬೇಕಾದರೂ ಓದಬಹುದಿತ್ತು. ಜನ ಚಪ್ಪಾಳೆ ತಟ್ಟಿದರು. ನಾನು ಇಳಿದುಬಿಡಬೇಕಿತ್ತು.

ಸಾಹೇಬರು, "ಬಸ್? ಇತನಾ ಹೀ? ಸುಜಾತಾ ಜೀ, ದಿಲ್ ಸೇ ಬೋಲಿಯೇ," ಅಂದರು.

ಹೃದಯದಿಂದ ಮಾತಾಡಲು ಹೋದೆ. ಹೃದಯದಲ್ಲಿ ಇದ್ದದ್ದೆಲ್ಲ ಕನ್ನಡ. ನಾಲಿಗೆ ಮಾತ್ರ ಅದನ್ನು ಪದಕ್ಕೆ ಪದ ಇಂಗ್ಲಿಷ್ ಮಾಡಿ ಹೊರಗೆ ಕಳಿಸತೊಡಗಿತು.

ಗಿರಿಜಾ ಇಷ್ಟು ವರ್ಷ ನನ್ನ ಬೆನ್ನ ಹಿಂದೆಯೇ ಕೂತಿದ್ದಳು ಎಂಬುದು ನನ್ನ ಮನಸ್ಸಿನ ಮಾತು. "ಫಾರ್ ಸೋ ಮೆನಿ ಇಯರ್ಸ್, ಗಿರಿಜಾ ಮೇಡಂ ವಾಸ್ ಸಿಟ್ಟಿಂಗ್ ಆನ್ ಮೈ ಬ್ಯಾಕ್‌ಸೈಡ್," ಅಂದೆ. ಹಿಂದಿನ ಸಾಲಿನಲ್ಲಿ ಯಾರೋ ಸಮೋಸ ನೆತ್ತಿಗೇರಿಸಿಕೊಂಡು ಕೆಮ್ಮಿದರು. ಗಿರಿಜಾ ಸ್ವಲ್ಪ ದಪ್ಪಗಿದ್ದಾಳೆ ಎಂಬುದನ್ನು ಇಲ್ಲಿ ಹೇಳಲೇಬೇಕಾಗಿದೆ.

ಅವಳ ರೊಟ್ಟಿಯ ಋಣ, ಅವಳು ಹೋಗುತ್ತಿರುವ ಸಂಗತಿಯನ್ನು ಅರಗಿಸಿಕೊಳ್ಳಲಾಗದ ಸಂಕಟ, ಎರಡನ್ನೂ ಒಟ್ಟಿಗೆ ಹೇಳಿದೆ. "ಡೈಲಿ ಎವೆರಿ ಡೇ ಐ ಆಮ್ ಈಟಿಂಗ್ ಹರ್ ರೊಟ್ಟಿ. ಐ ಕೆನಾಟ್ ಡೈಜೆಸ್ಟ್."

ನಗು ಎರಡು ಸಾಲು ಮುಂದೆ ಬಂತು. ನಾನು ಗಾಬರಿಯಾಗಿ ನನಗೆ ಚೆನ್ನಾಗಿ ಗೊತ್ತಿರುವ ಕಚೇರಿ ಭಾಷೆಯ ಆಸರೆ ಹಿಡಿದೆ. ವರ್ಗವಾದವರನ್ನು ಕೆಲಸದಿಂದ ಬಿಡುಗಡೆ ಮಾಡುವುದಕ್ಕೆ ನಮ್ಮಲ್ಲಿ 'ರಿಲೀವ್' ಅನ್ನುತ್ತಾರೆ. "ಟುಡೇ ಶಿ ಇಸ್ ರಿಲೀವ್ಡ್. ವಿ ಆರ್ ಆಲ್ಸೋ ಆಲ್ ವೆರಿ ರಿಲೀವ್ಡ್." ಅವಳು ಹೋದದ್ದು ನಮಗೆಲ್ಲ ದೊಡ್ಡ ನೆಮ್ಮದಿ ಎಂದು ನಾನು ಮೈಕಿನಲ್ಲಿ ಸಾರಿದ್ದು ಹೀಗೆ. ಸಾಹೇಬರು ನಗುತ್ತ ವಿಗ್ಗನ್ನು ಹಿಡಿದುಕೊಂಡರು.

ಒಳ್ಳೆಯ ಹಾರೈಕೆಯಿಂದ ಮುಗಿಸಿ ಮರ್ಯಾದೆ ಉಳಿಸಿಕೊಳ್ಳೋಣವೆಂದುಕೊಂಡೆ. ದಿಲ್ಲಿಯಿಂದ ಅವಳು ಮಾಡುವ ಕೊನೆಯ ಪ್ರಯಾಣ ಸುಖವಾಗಿರಲಿ ಎಂದು ಹೇಳಬೇಕಿತ್ತು. ಅಷ್ಟರಲ್ಲಿ ಅವಳ ಮುಖ ನೋಡಿಬಿಟ್ಟೆ. ನಡುಗುವ ದನಿಯಲ್ಲಿ, "ಮೇ ಹರ್ ಲಾಸ್ಟ್ ಫೈನಲ್ ಜರ್ನಿ ಬಿ ಪೀಸ್‌ಫುಲ್," ಅಂದೆ. ಅತ್ತೂಬಿಟ್ಟೆ.

ನಗು ಥಟ್ಟನೆ ನಿಂತಿತು. ಲೆಕ್ಕಪತ್ರ ವಿಭಾಗದಲ್ಲಿ ಕಿವಿ ಸ್ವಲ್ಪ ಮಂದವಾದ ಹಿರಿಯರೊಬ್ಬರಿದ್ದಾರೆ. ಅವರು ಮೆಲ್ಲನೆ ಎದ್ದು, ಕೈಕಟ್ಟಿ, ತಲೆ ತಗ್ಗಿಸಿದರು. ಅವರನ್ನು ನೋಡಿ ಪಕ್ಕದವರು ಎದ್ದರು. ಸರ್ಕಾರಿ ಕಚೇರಿಯಲ್ಲಿ ಇಬ್ಬರು ಎದ್ದರೆ ಉಳಿದವರು ಕಾರಣ ಕೇಳುವುದಿಲ್ಲ. ಇಡೀ ಸಭೆ ಎದ್ದು ನಿಂತು ಮೌನ ಆಚರಿಸಿತು. ಕೂತಿದ್ದವಳು ಗಿರಿಜಾ ಒಬ್ಬಳೇ, ಕೈಯಲ್ಲಿ ಅರ್ಧ ಕಚ್ಚಿದ ಸಮೋಸ.

ಎಲ್ಲ ಮುಗಿದ ಮೇಲೆ ಕಾರಿಡಾರಿನಲ್ಲಿ ಅವಳು ಗೋಡೆಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. "ಏನವಾ ಸುಜಾತಾ, ಇನ್ನೂ ಉಸಿರಾಡಾಕತ್ತೀನಿ, ಅಷ್ಟರಾಗ ನನಗ ಮೌನ ಆಚರಿಸಿ ಬಿಟ್ಟಿಯಲ್ಲ." ನಾನೂ ನಕ್ಕೆ. ಆಮೇಲೆ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಸಣ್ಣ ದನಿಯಲ್ಲಿ ಕೇಳಿದಳು. "ನನಗ ಹೇಳೂ ಮಾತು ಇಂಗ್ಲಿಷಿನ್ಯಾಗ ಯಾಕ ಹೇಳ್ದಿ? ಅಲ್ಲಿ ತಿಳಿಬೇಕಾದಾಕಿ ನಾ ಒಬ್ಬಾಕೀನ ಇದ್ದೆ. ಕನ್ನಡದಾಗ ಹೇಳಬೇಕಿತ್ತು."



ಭಾನುವಾರ ಬೆಳಿಗ್ಗೆ ನಿಜಾಮುದ್ದೀನ್ ಸ್ಟೇಷನ್ನಿಗೆ ಹೋದೆ. ಮೆಟ್ರೋದಲ್ಲಿ ದಾರಿಯುದ್ದಕ್ಕೂ ಕನ್ನಡದಲ್ಲಿ ಅಭ್ಯಾಸ ಮಾಡಿಕೊಂಡೆ. ನೀನಿಲ್ಲದಿದ್ದರೆ ಈ ಊರಿನಲ್ಲಿ ನಾನು ಮಾತು ಮರೆತುಬಿಡುತ್ತಿದ್ದೆ ಎನ್ನಬೇಕು. ನೀನು ಸಿಟ್ಟಿನಲ್ಲಿ ಬೈದರೂ ನನಗದು ಊರಿಗೆ ಹೋಗಿ ಬಂದ ಹಾಗೆ ಎನ್ನಬೇಕು. ಎದುರು ಸೀಟಿನ ಹುಡುಗಿ ನನ್ನ ತುಟಿ ನೋಡಿ ಬೇರೆ ಕಡೆ ಹೋಗಿ ಕೂತಳು.

ಸ್ಟೇಷನ್ನಿನಲ್ಲಿ ಗಿರಿಜಾಳ ಗಂಡ ಕೂಲಿಯ ಜೊತೆ ಸಾಮಾನು ಏರಿಸುತ್ತಿದ್ದರು. ನಾವಿಬ್ಬರೂ ಎದುರುಬದುರು ನಿಂತೆವು.

"ನೀರು ಇಟ್ಕೊಂಡಿದ್ದೀಯಾ?" ಅಂದೆ.

"ಹೂಂ. ಇಟ್ಕೊಂಡೀನಿ."

"ಕೆಳಗಿನ ಬರ್ತ್ ಸಿಕ್ಕಿತಾ?"

"ಸಿಕ್ಕೇತಿ."

"ನೀರು ಇದೆ ತಾನೇ?"

"ಈಗ ಹೇಳಿದ್ನಲ್ಲವಾ."

ಅವಳು ಒಳಗೆ ಹೋಗಿ ಕಿಟಕಿಯ ಪಕ್ಕ ಕೂತಳು. ಎಸಿ ಡಬ್ಬಿ, ತೆರೆಯದ ದಪ್ಪ ಗಾಜು. ರೈಲು ಅಲುಗಿದಾಗ ಅಷ್ಟೂ ಮಾತು ಒಮ್ಮೆಲೇ ನನ್ನ ಬಾಯಿಗೆ ಬಂತು. ಪ್ಲಾಟ್‌ಫಾರ್ಮಿನಲ್ಲಿ ಜೊತೆಜೊತೆಗೆ ನಡೆಯುತ್ತ, ಆಮೇಲೆ ಓಡುತ್ತ, ಒಂದೂ ಬಿಡದೆ ಕನ್ನಡದಲ್ಲಿ ಹೇಳಿದೆ. ಗಾಜಿನಾಚೆ ಅವಳು ಕಿವಿ ತೋರಿಸಿ ಕೈಯಾಡಿಸಿದಳು. ರೈಲು ಹೋಯಿತು. ಫೋನು ಬಂತು.

"ಏನಂದಿ ಸುಜಾತಾ? ಕೇಳಲೇ ಇಲ್ಲ ನೋಡು."

ನಾನು ಏದುಸಿರು ಬಿಡುತ್ತಿದ್ದೆ. ಸುತ್ತ ಜನ ನೋಡುತ್ತಿದ್ದರು. "ಏನಿಲ್ಲ. ರೀಚ್ ಆಗಿ ತಲುಪಿದ ಮೇಲೆ ಫೋನ್ ಮಾಡು," ಅಂದೆ.

"ಮಾಡ್ತೀನಿ," ಅಂದಳು.

ಸೋಮವಾರ ಮಧ್ಯಾಹ್ನ ಒಂದು ಗಂಟೆಗೆ ಡಬ್ಬಿ ತೆಗೆದುಕೊಂಡು ಎಂದಿನಂತೆ ಕುರ್ಚಿ ತಿರುಗಿಸಿ, "ಏನೇ, ಊಟ ಮಾಡೋಣ್ವಾ?" ಅಂದೆ. ಆ ಕುರ್ಚಿಯಲ್ಲಿ ಅಂದು ಬೆಳಿಗ್ಗೆ ರೋಹ್ತಕ್‌ನಿಂದ ವರ್ಗವಾಗಿ ಬಂದಿದ್ದ, ತಿರುವಿದ ಮೀಸೆಯ ಅಧಿಕಾರಿಯೊಬ್ಬರು ಕೂತಿದ್ದರು. ಅವರು ಫೈಲಿನಿಂದ ತಲೆ ಎತ್ತಿ, "ಜೀ ಮೇಡಂ? ಕುಛ್ ಕಹಾ ಆಪ್ನೇ?" ಎಂದು ಕೇಳಿದರು.

ನಾನು ಬೆನ್ನು ನೇರ ಮಾಡಿಕೊಂಡು, ದಕ್ಷಿಣದವರ ಗೌರವಕ್ಕೆ ತಕ್ಕ ಇಂಗ್ಲಿಷಿನಲ್ಲಿ ಉತ್ತರಿಸಿದೆ.

"ನಥಿಂಗ್, ಸರ್. ಐ ವಾಸ್ ಓನ್ಲಿ ಸೈಲೆಂಟ್ಲಿ ಕೀಪಿಂಗ್ ಕ್ವೈಟ್."