ಮೀಟರ್ ಮಾವನ ಪೂರ್ತಿ ಗೋಡೆ

ಪಕ್ಕದ ಮನೆಯ ಹಲ್ಲಿನ ಡಾಕ್ಟರು ನಡುಗೋಡೆಗೆ ಕಿವಿಯಿಟ್ಟು ನಿಂತಿದ್ದನ್ನು ಕಂಡ ದಿನದಿಂದ ಮೀಟರ್ ಮಾವನಿಗೆ ತಿಂದದ್ದು ಮೈಗೆ ಹತ್ತಲಿಲ್ಲ.

ಮಾವ ಮನೆಮನೆಯ ಕರೆಂಟ್ ಮೀಟರ್ ಓದಿ ನಿವೃತ್ತರಾದವರು. ಮೀಟರ್ ಅಂದಮೇಲೆ ಯಾರೋ ಅದನ್ನು ತಿರುಚಿಯೇ ಇರುತ್ತಾರೆ ಎಂಬುದು ಅವರ ಜೀವನ ಸಿದ್ಧಾಂತ. ಕೆಲಸ ಮುಗಿದರೂ ಅನುಮಾನ ಮಾತ್ರ ಪೆನ್ಷನ್ನಿನಂತೆ ತಪ್ಪದೆ ಬರುತ್ತಿತ್ತು. (ಸ್ವಂತ ಮನೆಯ ಗಡಿಯಾರವನ್ನೂ ಅವರು ಪೂರ್ತಿ ನಂಬುತ್ತಿರಲಿಲ್ಲ.)

ಡಾಕ್ಟರು ದಿನಾ ಬೆಳಿಗ್ಗೆ ಬಂದು ಗೋಡೆಯನ್ನು ಟಕಟಕ ಬಡಿಯುವರು, ಕಿವಿಗೊಡುವರು, ಅಂಗೈಯಿಂದ ಮೆಲ್ಲಗೆ ನೂಕಿ ನೋಡುವರು. ಮಾವ ಈ ಕಡೆಯಿಂದ ಬಕೆಟ್ ಬೋರಲು ಹಾಕಿ, ಅದರ ಮೇಲೆ ಹತ್ತಿ, ಎಲ್ಲವನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ಇಬ್ಬರಿಗೂ ಸೇರಿದ ಗೋಡೆಯನ್ನು ಇಷ್ಟಿಷ್ಟೇ ಈ ಕಡೆ ತಳ್ಳುವ ಹುನ್ನಾರವಲ್ಲದೆ ಇದು ಮತ್ತೇನು?

"ಗೋಡೆ ಗಟ್ಟಿ ಇದೆಯಾ ಅಂತ ನೋಡ್ತಿರಬಹುದು. ಹೋಗಿ ಕೇಳಬಾರದಾ?" ಎಂದರು ಅತ್ತೆ.

ಕೇಳಿದರೆ ಕಳ್ಳ ಎಚ್ಚೆತ್ತುಕೊಳ್ಳುತ್ತಾನೆ ಎಂದು ಮಾವ ಅವರ ಬಾಯಿ ಮುಚ್ಚಿಸಿದರು. ಆಮೇಲೆ ಮೂಲೆಮನೆಯ ಲಾಯರನ್ನು ಸಾಕ್ಷಿಗೆ ಕರೆದುಕೊಂಡು ಡಾಕ್ಟರ ಅಂಗಳಕ್ಕೆ ದಂಡೆತ್ತಿ ಹೋದರು. ಈ ಗೋಡೆ ಬುಡದಿಂದ ತುದಿಯವರೆಗೆ ನನ್ನದೇ, ಹಾಗಂತ ಈಗಲೇ ಒಪ್ಪಿಕೊಳ್ಳಬೇಕು ಎಂದು ಪಟ್ಟುಹಿಡಿದರು. ಡಾಕ್ಟರು ಅರ್ಧ ತಮ್ಮದಲ್ಲವೇ ಎಂದು ಮೆಲ್ಲಗೆ ಕೇಳಿದರು.

"ಒಂದಿಟ್ಟಿಗೆಯೂ ನಿಮ್ಮದಲ್ಲ."

"ಪೂರ್ತಿ ನಿಮ್ಮದೇನಾ? ಯೋಚನೆ ಮಾಡಿ ಹೇಳ್ತಿದ್ದೀರಾ?"

"ಪೂರ್ತಿ."

ಡಾಕ್ಟರ ಮುಖ ಅರಳಿತು. ಮಾವನಿಗೆ ಮೊದಲ ಬಾರಿ ಗೆದ್ದದ್ದರ ಬಗ್ಗೆಯೇ ಅನುಮಾನ ಬಂತು.

"ಹಾಗಾದ್ರೆ ಒಳ್ಳೇದಾಯ್ತು. ಬುಡ ಪೂರ್ತಿ ಹುಳುಕು, ಮುಟ್ಟಿದ್ರೆ ಅಲ್ಲಾಡ್ತಿದೆ. ಅಂಗಳದಲ್ಲಿ ಕಾಯೋ ನನ್ನ ರೋಗಿಗಳ ತಲೆ ಮೇಲೆ ಬೀಳೋ ಮೊದಲು ಕೀಳಿಸಿಬಿಡಿ. ಅರ್ಧ ಖರ್ಚು ನಾನು ಕೊಡ್ತೀನಿ ಅಂತ ಹೇಳೋಕೆ ಬರೋನಿದ್ದೆ. ಈಗ ಅದರ ಅಗತ್ಯ ಇಲ್ವಲ್ಲ."

ಮಾವ ಲಾಯರ ಮುಖ ನೋಡಿದರು. ಹಕ್ಕು ಪೂರ್ತಿಯಾದರೆ ಹೊಣೆಯೂ ಪೂರ್ತಿಯೇ ಎಂದು ಲಾಯರು ಗಂಟಲು ಸರಿಮಾಡಿಕೊಂಡು ತೀರ್ಪಿತ್ತರು. ಕರೆತಂದ ಸಾಕ್ಷಿಯೇ ಹೀಗೆ ನುಡಿದ ಮೇಲೆ ಮಾವ ಮೇಸ್ತ್ರಿಯನ್ನು ಕರೆಸಲೇಬೇಕಾಯಿತು.

ಗೋಡೆ ಉರುಳಿತು. ಆಗಲೇ ಮಾವನಿಗೆ ಬಚ್ಚಲುಮನೆ ನೆನಪಾದದ್ದು. ಅದಕ್ಕೆ ಅವರು ಕಟ್ಟಿಸಿದ್ದು ಮೂರೇ ಗೋಡೆ. ಇಟ್ಟಿಗೆ ಉಳಿಸಲು ನಾಲ್ಕನೆಯದಾಗಿ ಇದನ್ನೇ ಬಳಸಿಕೊಂಡಿದ್ದರು. ಈಗ ಅಲ್ಲಿ ನಿಂತರೆ ಡಾಕ್ಟರ ಅಂಗಳವೆಲ್ಲ ನಿಚ್ಚಳವಾಗಿ ಕಾಣುತ್ತಿತ್ತು. ಅಂಗಳಕ್ಕೆ ಮಾವನೂ ಅಷ್ಟೇ ನಿಚ್ಚಳವಾಗಿ ಕಾಣುವಂತಿದ್ದರು. ಮೇಸ್ತ್ರಿಯೋ, ಹೊಸ ಗೋಡೆ ಕಟ್ಟಲು ನಾಳೆ ಬರುತ್ತೇನೆ ಎಂದವನ ಪತ್ತೆಯಿಲ್ಲ.

ಸ್ನಾನವಿಲ್ಲದೆ ಮೈ ತುರಿಸತೊಡಗಿದಾಗ ಮಾವ ಮಾನ ಬಿಟ್ಟರು. ಹೆಗಲಿಗೆ ಟವೆಲ್, ಕೈಯಲ್ಲಿ ಸೋಪಿನ ಡಬ್ಬಿ ಹಿಡಿದು ಡಾಕ್ಟರ ಬಾಗಿಲಿಗೆ ಹೋದರು. ಅವರ ಬಚ್ಚಲಲ್ಲಿ ಆಗಲೇ ಅತ್ತೆ ಇದ್ದರು. ಡಾಕ್ಟರು ಎಂದಿನ ಅಭ್ಯಾಸದಂತೆ, ಕೂತಿರಿ, ಕರೀತೀನಿ ಎಂದು ಬೆಂಚು ತೋರಿಸಿ ಒಳಹೋದರು.

ಬೆಂಚಿನಲ್ಲಿ ಕೆನ್ನೆ ಊದಿಸಿಕೊಂಡು ಕುಳಿತಿದ್ದವನೊಬ್ಬ ಮಾವನ ಜೋಲುಮುಖ ನೋಡಿ ಕನಿಕರದಿಂದ ಹತ್ತಿರ ಸರಿದ.

"ನಿಮ್ಮದು ಯಾವುದು ಕೀಳಿಸಿದ್ರು?"

"ಗೋಡೆ," ಎಂದರು ಮಾವ.